ಜನರೇಟರ್ ಸಾಕಿದವನ ಪಾಡು

ಕರೆಂಟಿನ ವಿಷಯದಲ್ಲಿ ಶರಾವತಿ ಕಣಿವೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. 1948ರಲ್ಲೇ ಜೋಗದ ಬುಡದಲ್ಲಿ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಊರುಗಳು ಮುಳುಗಿದವು. ಈಗ ಶರಾವತಿ ವಿದ್ಯುದಾಗಾರವೊಂದರದ್ದೇ 1,035 ಮೆಗಾವ್ಯಾಟ್ ಸಾಮರ್ಥ್ಯ. ಆ ಕರೆಂಟನ್ನು ಹೊತ್ತ ಟವರುಗಳು ನಮ್ಮ ಗುಡ್ಡ ಹತ್ತಿಳಿದು, ನಮ್ಮ ಕಡೆ ತಿರುಗಿಯೂ ನೋಡದೆ ಊರಾಚೆ ಹೋಗುತ್ತವೆ. ಅವುಗಳ ಬುಡದಲ್ಲಿರುವ ನಾವು ಮಳೆಗಾಲದ ರಾತ್ರಿ ಮೊಬೈಲ್ ಟಾರ್ಚಿನಲ್ಲಿ ತಟ್ಟೆಯಲ್ಲಿರುವುದು ಪಲ್ಯವೋ ಉಪ್ಪಿನಕಾಯಿಯೋ ಎಂದು ಪರೀಕ್ಷಿಸಿ ಉಣ್ಣುತ್ತೇವೆ.

ಇದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಜೂನ್ ತಿಂಗಳ ಗಾಳಿಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗುತ್ತದೆ. ಎಲ್ಲಿ ಒರಗಿತು ಎಂದು ಹುಡುಕಲು ಪವರ್‌ಮ್ಯಾನ್ ಕತ್ತಿ ಹಿಡಿದು, ಕಾಲಿಗೆ ಉಂಬಳ ಹತ್ತಿಸಿಕೊಂಡು, ಲೈನಿನುದ್ದಕ್ಕೂ ಕಾಡಿನಲ್ಲಿ ನಡೆಯಬೇಕು. ಅವನು ಒಂದು ಮರ ಕಡಿದು ಮುಗಿಸುವಷ್ಟರಲ್ಲಿ ಹಿಂದೆ ಇನ್ನೊಂದು ಮಲಗಿರುತ್ತದೆ.

ಇಂಥ ಕಾಲದಲ್ಲೇ ನಮ್ಮ ಕಡೆ ತಾಳಮದ್ದಳೆಯ ಸುಗ್ಗಿ. ಮಳೆ ಬಯಲಾಟ ಆಡಲು ಬಿಡುವುದಿಲ್ಲವಾದ್ದರಿಂದ, ವೇಷ ಕಟ್ಟದೆ, ಕುಣಿಯದೆ, ಜಗಲಿಯಲ್ಲಿ ಕೂತು ಬಾಯಲ್ಲೇ ಯುದ್ಧ ಮುಗಿಸುತ್ತಾರೆ. ಒಂದು ಮದುವೆಮನೆಯ ಪಂಕ್ತಿಯಲ್ಲಿ, ಹೋಳಿಗೆ ಬಿದ್ದ ಉತ್ಸಾಹದಲ್ಲಿ, "ಈ ವರ್ಷ ನಮ್ಮನೇಲೇ ಆಗ್ಲಿ. 'ಕೃಷ್ಣ ಸಂಧಾನ' ಇಟ್ಕಳಣ" ಎಂದುಬಿಟ್ಟೆ.

ಎದುರು ಪಂಕ್ತಿಯಲ್ಲಿದ್ದ ಭಾವ ತಲೆಯೆತ್ತದೆ ಕೇಳಿದ: "ಕರೆಂಟು?"

ಹತ್ತು ಜನರ ಮುಂದೆ ಹಾಗೆ ಕೇಳಿಸಿಕೊಂಡ ಮೇಲೆ ಗಂಡಸು ಮಾಡಬಹುದಾದ್ದು ಒಂದೇ. ಸಾಗರಕ್ಕೆ ಹೋಗಿ ಜನರೇಟರ್ ತಂದೆ.

ಅಂಗಡಿಯವ "ಎರಡು ಕೆವಿಎ" ಎಂದ. ನಾನು ಮನಸ್ಸಿನಲ್ಲೇ ಅದನ್ನು 2,000 ವ್ಯಾಟ್ ಎಂದು ಅನುವಾದಿಸಿಕೊಂಡು, ಮನೆಯ ಬಲ್ಬುಗಳನ್ನೆಲ್ಲ ಕೂಡಿಸಿ, ಮಿಕ್ಕಿದ್ದನ್ನು ಪಕ್ಕದ ಮನೆಗೂ ಕೊಡಬಹುದು ಎಂದು ಲೆಕ್ಕ ಹಾಕಿದೆ. ಮನೆಗೆ ಬಂದ ಯಂತ್ರಕ್ಕೆ ಹೆಂಡತಿ ಅರಿಶಿನ ಕುಂಕುಮ ಹಚ್ಚಿದಳು. ಜೊತೆಗಿದ್ದ ಪುಸ್ತಕವನ್ನು ದೇವರ ಗೂಡಿನಲ್ಲಿಟ್ಟೆವು. ದೇವರ ಮುಂದಿಟ್ಟ ಪುಸ್ತಕವನ್ನು ತೆಗೆದು ಓದುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಜನರೇಟರಿನ ಅನಾಹುತಗಳಿಗೆಲ್ಲ ನಿರ್ಲಕ್ಷ್ಯವೇ ಕಾರಣ ಎಂದು ತಿಳಿದವರು ಹೇಳುತ್ತಾರೆ. ಒಪ್ಪಲಾರೆ. ನಾನು ಅದಕ್ಕೆ ಏನೇನು ಮಾಡಿದೆನೋ ಅಷ್ಟನ್ನೂ ಮಮತೆಯಿಂದಲೇ ಮಾಡಿದ್ದೇನೆ.

ಮೊದಲ ಮಮತೆ ಹೊಟ್ಟೆಗೆ ಹಾಕುವುದರಲ್ಲಿ. ಹೊಸ ಯಂತ್ರ ಹಸಿದಿರಬಾರದೆಂದು ಟ್ಯಾಂಕಿನ ಬಾಯಿ ತುಳುಕುವವರೆಗೆ ಪೆಟ್ರೋಲ್ ಸುರಿದೆ. ಅಂಗಳದಲ್ಲಿಟ್ಟು ಹಗ್ಗ ಎಳೆದೆ. 'ಕೊರ್ರ್' ಎಂದು ಸುಮ್ಮನಾಯಿತು. ಮತ್ತೆ ಎಳೆದೆ. ಈಸಿಚೇರಿನಿಂದ ಅಪ್ಪಯ್ಯ "ಜೋರಾಗಿ ಎಳೆಯಾ, ಊಟ ಮಾಡಿದ್ಯೋ ಇಲ್ಯೋ" ಎಂದರು. ಭಾವ "ಚೋಕ್ ಎಳೀರಿ" ಎಂದ. ಎಳೆದೆ. "ಈಗ ಚೋಕ್ ಬಿಡಿ" ಎಂದ. ಬಿಟ್ಟೆ. ಬಲದ ತೋಳು ಭುಜದಿಂದ ಕಳಚುವ ಹಂತಕ್ಕೆ ಬಂದಾಗ ಎಡಗೈಗೆ ಬದಲಾಯಿಸಿದೆ. ಯಂತ್ರಕ್ಕೆ ಕನ್ನಡದಲ್ಲಿ ಏನೇನು ಬೈಯಬಹುದೋ ಬೈದು ಮುಗಿಸಿದ ಮೇಲೆ, ತೋಟದಲ್ಲಿ ಹುಲ್ಲು ಹೊಡೆಯುವ ಮಷೀನು ಓಡಿಸುವ ಹುಡುಗ ಬೇಲಿಯ ಆಚೆಯಿಂದ ಕೇಳಿದ: "ಅಣ್ಣ, ಆಯಿಲ್ ಹಾಕಿದೀರಾ?"

"ಬಾಯಿವರೆಗೂ ಹಾಕಿದೀನಿ, ನೋಡು."

"ಅದು ಪೆಟ್ರೋಲ್. ನಾ ಕೇಳಿದ್ದು ಇಂಜಿನ್ ಆಯಿಲ್."

ಹೊಸ ಜನರೇಟರ್ ಸಾಮಾನ್ಯವಾಗಿ ಇಂಜಿನ್ ಆಯಿಲ್ ಇಲ್ಲದೆ ಬರುತ್ತದಂತೆ. ಆಯಿಲ್ ಕಡಿಮೆಯಿದ್ದರೆ ಒಳಗಿನ ಸೆನ್ಸರ್ ಸ್ಪಾರ್ಕನ್ನೇ ತಡೆಯುತ್ತದಂತೆ. ನಾನು ಮೈಗಳ್ಳ ಎಂದು ಬೈಯುತ್ತಿದ್ದ ಯಂತ್ರ ತನ್ನ ಜೀವ ಉಳಿಸಿಕೊಳ್ಳುತ್ತಿತ್ತು. ಒಳಗಿನಿಂದ ಹೆಂಡತಿ "ಕೊಬ್ಬರಿ ಎಣ್ಣೆ ಆಗ್ತದಾ?" ಎಂದು ಕೇಳಿದಳು. ಆಗುವುದಿಲ್ಲ. ಹುಡುಗ ಎಲ್ಲಿಂದಲೋ ಸರಿಯಾದ ಆಯಿಲ್ ತಂದು, ಕಡ್ಡಿಯ ಗುರುತು ನೋಡಿ ತುಂಬಿದ. ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲನ್ನೂ ಹೊರಗೆ ತೆಗೆದ. ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ, ಕಂಠಮಟ್ಟ ತುಂಬಿದರೆ ಬಿಸಿ ಇಂಜಿನ್ ಮೇಲೇ ಸೋರುತ್ತದೆ ಎಂದ. ಆಮೇಲೆ ಒಂದೇ ಎಳೆತ. ಇಡೀ ಕಣಿವೆಗೆ ಕೇಳುವಂತೆ ಶುರುವಾಯಿತು. ಕೀರ್ತಿ ಅವನ ಪಾಲಾದ ಸಂಕಟದಲ್ಲಿ ನಾನು "ಹಗ್ಗ ಈಗ ಸಡಿಲ ಆಗಿದೆ, ಅದ್ಕೇ ಹತ್ತಿತು" ಎಂದೆ.

ಅಷ್ಟರಲ್ಲಿ ಮಳೆ ಹನಿಯಿತು. ನೆನೆಯುವ ಕರುವನ್ನು ಒಳಗೆ ಸೇರಿಸುವವರ ಆತುರದಲ್ಲಿ ನಾನೂ ಭಾವನೂ ಅದನ್ನು ಎತ್ತಿ ಜಗಲಿಗೆ ತಂದೆವು. ಎರಡನೆಯ ಮಮತೆ. ಮಳೆಗಾಲದಲ್ಲಿ ನಮ್ಮ ಜಗಲಿಗೆ ಇರಚಲು ಹೊಡೆಯದಂತೆ ಮೂರೂ ಕಡೆ ಸೋಗೆ ತಟ್ಟಿ ಕಟ್ಟಿರುತ್ತೇವೆ. ಹೊಗೆ ಹೋಗಲಿ ಎಂದು ಒಂದು ಕಿಟಕಿ ತೆರೆದೆ. ನನಗೂ ಮುಂಜಾಗ್ರತೆ ತಿಳಿಯದೆ ಇಲ್ಲ. ಟಿವಿ ಹಾಕಿದೆವು. ಸುತ್ತಲಿನ ಊರೆಲ್ಲ ಕತ್ತಲಲ್ಲಿರುವಾಗ ನಮ್ಮನೆಯಲ್ಲಿ ಚರ್ಚಾಕೂಟ ನಡೆಯುತ್ತಿತ್ತು, ಅದೂ ಹೈ ವಾಲ್ಯೂಮಿನಲ್ಲಿ.

ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಹಣೆ ಒತ್ತಿಕೊಂಡು "ಮಧ್ಯಾಹ್ನ ಹಲಸಿನ ಹಣ್ಣಿನ ಕಡುಬು ಒಂದು ಹೆಚ್ಚಾಯ್ತು" ಎಂದರು. ಭಾವನಿಗೂ ತಲೆನೋವು, ಅವನು ಹೊಸ ಕನ್ನಡಕದ ನಂಬರನ್ನು ಅನುಮಾನಿಸಿದ. ನನಗೆ ತಲೆ ಸುತ್ತಿ ವಾಕರಿಕೆ ಬರುತ್ತಿತ್ತು. ಟಿವಿಯಲ್ಲಿ ಕಿರುಚುತ್ತಿದ್ದವರೇ ಕಾರಣ ಎಂದುಕೊಂಡು ಚಾನೆಲ್ ಬದಲಿಸಿದೆ.

ಹೆಂಡತಿ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬಂದಳು. ಬಾಗಿಲಲ್ಲೇ ನಿಂತು ಮೂವರ ಮುಖವನ್ನೂ ನೋಡಿದಳು. ಒಬ್ಬೊಬ್ಬರಿಗೆ ಏನಾಗುತ್ತಿದೆ ಎಂದು ಕೇಳಿದಳು. ಆಮೇಲೆ ಮಾತಿಲ್ಲದೆ ಚೊಂಬು ಕೆಳಗಿಟ್ಟು ಜನರೇಟರಿನ ಸ್ವಿಚ್ ಆರಿಸಿದಳು.

"ಕೊಟ್ಟಿಗೆಲಿದ್ದ ನಂಗೆ ಎಂತೂ ಆಗಲ್ಲೆ. ಒಳಗಿದ್ದ ಮೂರೂ ಜನಕ್ಕೂ ತಲೆನೋವು. ಅಪ್ಪಯ್ಯಂಗೆ ಕಡುಬು, ಅಣ್ಣಂಗೆ ಕನ್ನಡಕ, ನಿಮಗೆ ಟಿವಿ. ಮೂರು ರೋಗ ಒಂದೇ ಹೊತ್ತಿಗೆ ಬತ್ತಾ? ಏಳಿ, ಎಲ್ಲರೂ ಹೊರಗೆ ನಡೀರಿ."

ಛತ್ರಿ ಹಿಡಿದು ಅಂಗಳದಲ್ಲಿ ನಿಂತು ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಮೊದಲು ಕೇಳಿದ್ದು ಯಾರಾದರೂ ಮಂಪರಿನಲ್ಲಿದ್ದಾರಾ, ಎಚ್ಚರ ತಪ್ಪಿದ್ದಾರಾ ಎಂದು. ಇಲ್ಲ ಎಂದ ಮೇಲೆ, ಆಸ್ಪತ್ರೆಗೆ ಬಂದು ತೋರಿಸಿಕೊಳ್ಳಲು ಹೇಳಿ, ದಾರಿಗೆ ಬುತ್ತಿಯಾಗಿ ಬೈಗುಳವನ್ನೂ ಕಟ್ಟಿಕೊಟ್ಟರು. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಆಮ್ಲಜನಕಕ್ಕೆ ಕೂರಲು ಜಾಗವೇ ಇಲ್ಲದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರುವುದು ಇದರಿಂದಲೇ. ಸುಸ್ತು ಎಂದು ಮಲಗಿದವರು ಮತ್ತೆ ಏಳದೇ ಇರಬಹುದು. ಒಂದು ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಸಾಲದು. ಬಾಗಿಲು ಕಿಟಕಿಗಳಿಂದ ಕಡಿಮೆಯೆಂದರೂ 20 ಅಡಿ ದೂರದಲ್ಲಿ, ಬಯಲಿನಲ್ಲಿ, ಹೊಗೆಯ ಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಇಡಬೇಕು. "ಜಗಲಿಗೆ ಯಾಕೆ ತಂದ್ರಿ?" ಎಂದು ಡಾಕ್ಟರ್ ಕೇಳಿದರು. "ಪಾಪ, ನೆನೀತಿತ್ತು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಆಸ್ಪತ್ರೆಯಿಂದ ಕ್ಷೇಮವಾಗಿ ಮರಳಿದ ಅಪ್ಪಯ್ಯ ಮರುದಿನ ಕಡುಬಿನ ಮೇಲಿನ ಆಪಾದನೆಯನ್ನು ಹಿಂತೆಗೆದುಕೊಂಡು, ಅದನ್ನು ರುಜುವಾತುಪಡಿಸಲು ಇನ್ನೆರಡು ತಿಂದರು. ಜನರೇಟರ್ ಅಂಗಳದ ಆಚೆ ತುದಿಗೆ ಗಡಿಪಾರಾಯಿತು. ಆಗ ಬಂದವರು ಭಾಗವತರು, ಜಾಗ ನೋಡಲು. ಯಂತ್ರದ ಸದ್ದು ಕೇಳಿ ಮುಖ ಕಿವುಚಿದರು. "ಇದ್ರ ಎದುರು ಮದ್ದಳೆ ಶ್ರುತಿ ಮಾಡದು ಹ್ಯಾಂಗೆ ಮಾರಾಯ್ರೆ?" ಕಲಾವಿದರ ಮೇಲೂ ಯಂತ್ರದ ಮೇಲೂ ಏಕಕಾಲಕ್ಕೆ ಪ್ರೀತಿ ಉಕ್ಕಿ, ಅಟ್ಟದ ಮೇಲಿದ್ದ ಅಜ್ಜನ ಕಾಲದ ಕಂಬಳಿ ತಂದು ಜನರೇಟರಿಗೆ ಕೊಪ್ಪೆ ಹಾಕಿದೆ. ಸದ್ದೂ ತಗ್ಗಿತು, ಮಳೆಯೂ ತಾಗಲಿಲ್ಲ. ಒಂದೇ ಕಂಬಳಿಯಲ್ಲಿ ಎರಡು ಸಮಸ್ಯೆ ಮುಗಿಸಿದ ಬುದ್ಧಿವಂತಿಕೆಗೆ ಭಾಗವತರು ತಲೆದೂಗುತ್ತಿರುವಾಗಲೇ ಉಣ್ಣೆ ಸುಟ್ಟ ವಾಸನೆ ಬಂತು. ಇದು ಗಾಳಿಯಲ್ಲೇ ತಣಿಯುವ ಇಂಜಿನ್. ಉಸಿರಾಡಲು ಸುತ್ತ ನಾಲ್ಕೂ ಕಡೆ ಬಯಲು ಬೇಕು, ಸೈಲೆನ್ಸರಿನ ಹತ್ತಿರ ಬಟ್ಟೆಯೂ ಸಲ್ಲದು, ಒಣಗಿದ ದರಗೂ ಸಲ್ಲದು. ಅಜ್ಜ ಎಷ್ಟೋ ಮಳೆಗಾಲ ಹೊದ್ದು ಉಳಿಸಿದ ಕಂಬಳಿಯಲ್ಲಿ ನಾನು ಒಂದು ಮಧ್ಯಾಹ್ನದಲ್ಲಿ ಇಡ್ಲಿ ತಟ್ಟೆಯಗಲದ ತೂತು ಮಾಡಿದ್ದೆ.

ಇನ್ನು ವಯರಿಂಗ್. ಜನರೇಟರಿನಲ್ಲಿದ್ದದ್ದು ಎರಡೇ ಸಾಕೆಟ್. ಜಗಲಿಗೆ ಬೆಳಕು ಕೊಟ್ಟು ಅಡುಗೆಮನೆಯನ್ನು ಕತ್ತಲಲ್ಲಿಡುವುದು ನ್ಯಾಯವೇ? ದೇವರಿಗೆ ಕೊಟ್ಟು ಬಚ್ಚಲಿಗೆ ಕೊಡದಿದ್ದರೆ? ಯಾವ ಬಲ್ಬಿಗೂ ಅನ್ಯಾಯವಾಗದ ಉಪಾಯವೊಂದು ನನಗೆ ಹೊಳೆಯಿತು. ಉದ್ದದ ವಯರ್ ತಂದು ಎರಡೂ ತುದಿಗೆ ಪಿನ್ ಕಟ್ಟಿದೆ. ಒಂದು ತುದಿ ಜನರೇಟರಿಗೆ, ಇನ್ನೊಂದು ಜಗಲಿಯ ಗೋಡೆಯ ಪಾಯಿಂಟಿಗೆ. ಗೋಡೆಯೊಳಗಿನ ತಂತಿಯಲ್ಲೇ ಇಡೀ ಮನೆಗೆ ಹರಿಯಲಿ ಎಂಬ ಯೋಜನೆ. ಸಿಕ್ಕಿಸುವ ಮೊದಲು ಯಾರಿಗಾದರೂ ತೋರಿಸಬೇಕೆಂಬ ಚಪಲ. ಅಷ್ಟರಲ್ಲಿ ಪವರ್‌ಮ್ಯಾನ್ ಗೇಟು ದಾಟಿ ನೀರು ಕೇಳಲು ಬಂದ. ಬಾಗಲಕೋಟೆ ಕಡೆಯ ಹುಡುಗ. ಮೈಯೆಲ್ಲ ಒದ್ದೆ, ಪ್ಯಾಂಟಿನ ಮೇಲೆ ರಕ್ತದ ಕಲೆ, ಹೆಗಲಲ್ಲಿ ಹಗ್ಗ. ತಂತಿಯನ್ನು ಎತ್ತಿ ತೋರಿಸಿದೆ.

"ಏನ್ರೀ ಸರ್ ಇದು? ಎರಡೂ ಕಡೆ ಪಿನ್ ಐತಲ್ರೀ!"

"ನಾನೇ ಮಾಡಿದ್ದು" ಎಂದೆ, ವಿನಯದಿಂದ. "ಇಡೀ ಮನೆಗೆ ಕರೆಂಟು."

"ಬರೇ ಮನೀಗೆ ನಿಲ್ಲೂದಿಲ್ರಿ ಅದು. ಮೀಟರ್ ದಾಟಿ ಕಂಬಕ್ಕ ಹೋಗ್ತೈತಿ, ಕಂಬದಿಂದ ಟಿಸಿಗೆ ಹೋಗ್ತೈತಿ. ಟಿಸಿ 11 ಸಾವಿರ ವೋಲ್ಟ್ ಇಳಿಸಿ ನಿಮಗ 230 ಕೊಡ್ತೈತಲ್ರೀ? ನೀವು ಈ ಕಡೆಯಿಂದ 230 ಕೊಟ್ರ ಅದು ಆ ಕಡೆ ಏರಿಸಿ ಕಳಸ್ತೈತಿ. ಅದಕ್ಕೇನ್ ಗೊತ್ರೀ, ಕರೆಂಟ್ ಯಾರ್ ಕೊಟ್ರು ಅಂತ. ಲೈನ್ ಬಂದ್ ಮಾಡೀನಿ ಅನ್ಕೊಂಡು ಮ್ಯಾಲೆ ತಂತಿ ಹಿಡ್ಕೊಂಡ್ ನಿಂತಿರ್ತೀನಲ್ರೀ, ನಾನು?"

ನನ್ನ ಬಾಯಿ ಕಟ್ಟಿತು. ಯಾವ ಬಲ್ಬಿಗೂ ಅನ್ಯಾಯವಾಗಬಾರದೆಂದು ಹೊರಟವನು ನಮಗಾಗಿ ಕಾಡು ಸುತ್ತುತ್ತಿದ್ದ ಮನುಷ್ಯನ ಕೈಗೇ ಕರೆಂಟು ಕೊಡುವುದರಲ್ಲಿದ್ದೆ. ಅವನು ನನ್ನ ಉತ್ತರಕ್ಕೆ ಕಾಯಲಿಲ್ಲ. ಸೊಂಟದ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು ಒಂದು ತುದಿಯ ಪಿನ್ನನ್ನು ಕಟ್ ಎಂದು ಕತ್ತರಿಸಿದ. ತಿರುಗಿಸಿ ಇನ್ನೊಂದನ್ನೂ ಕತ್ತರಿಸಿದ. ಎರಡೂ ಪಿನ್ನುಗಳನ್ನು ನನ್ನ ಅಂಗೈಯಲ್ಲಿಟ್ಟು, "ಚೇಂಜ್‌ಓವರ್ ಸ್ವಿಚ್ ಹಾಕಸ್ರಿ, ಲೈಸೆನ್ಸ್ ಇದ್ದವರ ಕಡೆಯಿಂದ. ಒಂದೋ ನಮ್ಮ ಲೈನು, ಇಲ್ಲಾ ನಿಮ್ಮ ಜನರೇಟರು. ಎರಡೂ ಒಂದಕ್ಕೊಂದು ಮುಖಾ ನೋಡಬಾರದು" ಎಂದ. ಹೆಂಡತಿ ಅವನಿಗೆ ಬಿಸಿ ಕಷಾಯ, ಹಲಸಿನ ಹಪ್ಪಳ ಕೊಟ್ಟಳು. ನನಗೆ ಕೊಡಲಿಲ್ಲ.

ಸ್ವಿಚ್ಚು ಬಂತು, ಅರ್ತಿಂಗ್ ಆಯಿತು, ತಾಳಮದ್ದಳೆಯ ದಿನವೂ ಬಂತು. ಕರೆಂಟು ಹಿಂದಿನ ರಾತ್ರಿಯೇ ಹೋಗಿತ್ತು. ತೋಟದ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಮಾತ್ರ ತಗಡು ಹೊದೆಸಿ, ನಾಲ್ಕೂ ಬದಿ ಬಯಲು ಬಿಟ್ಟು, ಹಲಗೆಯ ಮೇಲೆ ಜನರೇಟರನ್ನು ಕೂರಿಸಿದೆವು. ಹೊಗೆ ಅಡಿಕೆ ಮರಗಳ ಕಡೆಗೆ. ಕೈ ಒರೆಸಿಕೊಂಡು, ಒಣ ಕಾಲಲ್ಲಿ ನಿಂತು ಶುರು ಮಾಡಿದೆ. ಜಗಲಿ ತುಂಬ ಜನ. ಮೈಕು ಸರಿ, ಬೆಳಕು ಸರಿ, ದೂರಕ್ಕೆ ಹೋದ ಮೇಲೆ ಸದ್ದೂ ಸರಿ. ಕೃಷ್ಣ ಐದು ಗ್ರಾಮ ಕೇಳಿದ. ಕೌರವನ ಅರ್ಥ ಹೇಳುವವರು ನಿವೃತ್ತ ಮೇಷ್ಟ್ರು. ಗಂಟಲು ಸರಿಮಾಡಿಕೊಂಡು ಹೊರಟರು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಅದು 750 ವ್ಯಾಟ್. ಫ್ರಿಜ್ ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು. ಬಂದ ನೆಂಟರೆಲ್ಲ ಸಿಕ್ಕ ಸಾಕೆಟ್ಟಿಗೆಲ್ಲ ಮೊಬೈಲ್ ಚುಚ್ಚಿದ್ದರು. ಅಷ್ಟರಲ್ಲಿ ಟ್ಯಾಂಕಿನಲ್ಲಿ ನೀರಿಲ್ಲವೆಂದು ಭಾವ ಒಂದು ಎಚ್‌ಪಿ ಪಂಪಿನ ಸ್ವಿಚ್ ಹಾಕಿದ. ಕೆವಿಎ ಎಂದರೆ ವ್ಯಾಟ್ ಅಲ್ಲ ಎಂಬುದು ನನಗೆ ಆ ಕ್ಷಣದಲ್ಲಿ ಮನದಟ್ಟಾಯಿತು. ಮೋಟಾರಿನಂಥ ಹೊರೆಗೆ 0.8 ಪವರ್ ಫ್ಯಾಕ್ಟರ್ ಹಿಡಿದರೆ ಎರಡು ಕೆವಿಎ ಬರೀ 1,600 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ತಾನೇ ಎನ್ನಬಹುದು. ಆದರೆ ಅದು ಓಡುವಾಗಿನ ಲೆಕ್ಕ; ಏಳುವಾಗ ಮೋಟಾರು ಅದರ ಮೂರರಿಂದ ಆರು ಪಟ್ಟು ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ. ನಿಮಿಷಕ್ಕೆ 3,000 ಸುತ್ತು ಹಾಕಿ 50 ಹರ್ಟ್ಜ್ ಕಾಪಾಡಬೇಕಾದ ಇಂಜಿನ್ ನರಳಿ, ಕುಗ್ಗಿ, ತೋಟದ ತುದಿಯಿಂದ ಒಂದು ನಿಟ್ಟುಸಿರು ಬಿಟ್ಟಿತು. ಬಲ್ಬು ಕೆಂಪಾಯಿತು. ಸೂಜಿಮೊನೆಯಷ್ಟೂ ನೆಲ ಕೊಡಲಾರೆ ಎಂದು ಕೌರವ ಗುಡುಗುವುದಕ್ಕೂ, ಇನ್ನೊಂದು ವ್ಯಾಟ್ ಕೊಡಲಾರೆ ಎಂದು ಜನರೇಟರ್ ಟ್ರಿಪ್ ಆಗುವುದಕ್ಕೂ ಸರಿಹೋಯಿತು. ಸಭೆ ಇದೂ ಪ್ರಸಂಗದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿತು.

ಪಂಪು ಆರಿಸಿ, ಮಿಕ್ಸಿಯ ಬದಲು ಒರಳಿಗೆ ಜನ ಹಚ್ಚಿ, ಮತ್ತೆ ಹೊರಟೆವು. ಆದರೆ ಸಂಧಾನ ಮುಗಿಯುವ ಮೊದಲೇ ಪೆಟ್ರೋಲ್ ಮುಗಿಯಿತು. ಕೌರವ ಕತ್ತಲಲ್ಲಿದ್ದಾನೆ, ತಡಮಾಡಬಾರದು ಎಂದು ಕ್ಯಾನ್ ಹಿಡಿದು ಓಡಿ ಟ್ಯಾಂಕಿನ ಮುಚ್ಚಳ ತಿರುಗಿಸಹೊರಟೆ. ಹುಲ್ಲು ಹೊಡೆಯುವ ಹುಡುಗ ನನ್ನ ಮುಂಗೈ ಹಿಡಿದ. "ಅಣ್ಣ, ತಣೀಲಿ." ಸೈಲೆನ್ಸರಿನ ಮೇಲೆ ಬಿದ್ದ ಮಳೆಹನಿಯೊಂದು ಚುಂಯ್ ಎಂದು ಮಾಯವಾದದ್ದನ್ನು ಬೆರಳಿಟ್ಟು ತೋರಿಸಿದ. ಪೆಟ್ರೋಲಿನ ಆವಿಗೆ ಹತ್ತಿಕೊಳ್ಳಲು ಬೇಸಿಗೆ ಬೇಕಾಗಿಲ್ಲ; ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿನ ಚಳಿಯಲ್ಲೂ ಅದಕ್ಕೆ ಒಂದು ಕಿಡಿ ಸಾಕು. ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿದು, ದೂರದ ಬೆಂಕಿಯನ್ನೂ ಹುಡುಕಿಕೊಂಡು ಹೋಗುತ್ತದೆ. ನಮ್ಮ ಚಪ್ಪರದ ಹಿಂದೆಯೇ ಬೀಡಿ ಸೇದುವ ರಸಿಕರ ಗುಂಪೊಂದು ಕೂತಿತ್ತು. ಅವರನ್ನು ಎಬ್ಬಿಸಿ ಕಳಿಸಿ, ಕಾಲು ಗಂಟೆ ಕಾದೆವು.

ಒಳಗೆ ಮೈಕಿಲ್ಲ, ಬೆಳಕಿಲ್ಲ. ಮೇಷ್ಟ್ರು ಅದನ್ನು ಗಮನಿಸಿದ್ದೇ ಇಲ್ಲ. ಧರ್ಮಸೂಕ್ಷ್ಮ, ರಾಜನೀತಿ, ಪಾಂಡವರ ಜನ್ಮರಹಸ್ಯ, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಇಂಜಿನ್ ತಣ್ಣಗಾಯಿತು, ಕೌರವ ಆಗಲಿಲ್ಲ. ಪೆಟ್ರೋಲ್ ತುಂಬಿ ಬೆಳಕು ಬಂದಾಗ ಕೃಷ್ಣನ ಪಾತ್ರಧಾರಿ ಕೈ ಕಟ್ಟಿ, ಗೋಡೆಗೊರಗಿ, ಯೋಗನಿದ್ರೆಯಲ್ಲಿದ್ದ.

ಮಂಗಳ ಹಾಡಿ ಕಾಫಿ ಕುಡಿಯುವಾಗ ಕೆಳಗಿನ ಮನೆಯವರು ಛತ್ರಿ ಮಡಚುತ್ತ ಬಂದರು. "ಆಟ ಮುಗೀತಾ? ಅಲ್ಲ ಮಾರಾಯ್ರೆ, ಕರೆಂಟು ಬಂದು ಎಷ್ಟೊತ್ತಾಯ್ತು. ನೀವೆಂತಕ್ಕೆ ಇನ್ನೂ ಇದನ್ನ ಓಡಿಸ್ತಾ ಇದೀರಿ?"

ಚೇಂಜ್‌ಓವರ್ ಸ್ವಿಚ್ಚಿನ ಗುಣವೇ ಅದು. ಜನರೇಟರಿನ ಕಡೆ ತಿರುಗಿಸಿಟ್ಟರೆ ಮನೆಗೂ ಲೈನಿಗೂ ಸಂಬಂಧ ಪೂರ್ತಿ ಕಡಿಯುತ್ತದೆ. ಕಂಬದಲ್ಲಿ ಕರೆಂಟು ಬಂದು ನಿಂತರೂ ಒಳಗಿದ್ದವರಿಗೆ ಸುದ್ದಿ ತಲುಪುವುದಿಲ್ಲ. ಪವರ್‌ಮ್ಯಾನ್ ಹುಡುಗ ಮಳೆಯಲ್ಲಿ ಮರ ಕಡಿದು ತಂದು ಕೊಟ್ಟ ಕರೆಂಟು ನಮ್ಮ ಮೀಟರಿನವರೆಗೆ ಬಂದು ಕಾದಿತ್ತು. ನಾನು ಒಳಗೆ ಪೆಟ್ರೋಲ್ ಸುಡುತ್ತ ಕೌರವನನ್ನು ಬೆಳಗಿಸುತ್ತಿದ್ದೆ. ಭಾವ ಏನೂ ಹೇಳಲಿಲ್ಲ. ಕಾಫಿ ಲೋಟದೊಳಗೇ ನಕ್ಕ. ಕಾಫಿ ಮೂಗಿಗೆ ಹತ್ತಿತು.

ಆ ಮಳೆಗಾಲ ಮುಗಿದ ಮೇಲೆ ದೇವರ ಗೂಡಿನಿಂದ ಪುಸ್ತಕ ಇಳಿಸಿ ಓದಿದೆ. ನಾವು ಕಲಿತದ್ದೆಲ್ಲ ಅದರ ಮೊದಲ ಪುಟಗಳಲ್ಲೇ ಚಿತ್ರಸಮೇತ ಇತ್ತು. ಓದಿದ್ದರಿಂದ ಇನ್ನೊಂದು ಅನಾಹುತವಾಯಿತು: ನಾನು ತಜ್ಞನಾದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ತೇವ ಹೀರುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ, ಬಸಿದಿಡಬೇಕು. ಎಕ್ಸ್‌ಟೆನ್ಶನ್ ವಯರನ್ನು ಸುರುಳಿಯಲ್ಲೇ ಬಿಟ್ಟು ದೊಡ್ಡ ಹೊರೆ ಹಾಕಿದರೆ ಅದು ಕಾದು ಕರಗುತ್ತದೆ, ಪೂರ್ತಿ ಬಿಚ್ಚಬೇಕು. ಆರಿಸುವಾಗ ಮೊದಲು ಹೊರೆ ತೆಗೆಯಬೇಕು, ಆಮೇಲೆ ಇಂಜಿನ್. ಇಷ್ಟನ್ನೂ ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಯಾರಾದರೂ ಜನರೇಟರ್ ಎರವಲು ಕೇಳಲು ಬಂದರಂತೂ ಮೊದಲು ಕೂರಿಸಿ ಹಿಮೋಗ್ಲೋಬಿನ್ನಿನಿಂದ ಶುರು ಮಾಡುತ್ತೇನೆ. 20 ಅಡಿಯನ್ನು ಅಂಗಳದಲ್ಲಿ ಅಳೆದು ತೋರಿಸುತ್ತೇನೆ. ಟಿಸಿ ಹಿಂದುಮುಂದಾಗಿ ಕೆಲಸ ಮಾಡುವುದನ್ನು ಬಾಗಲಕೋಟೆಯ ಕನ್ನಡದಲ್ಲೇ ವಿವರಿಸುತ್ತೇನೆ. ಕೌರವನ ಅರ್ಥ ಹೇಳುವ ಮೇಷ್ಟ್ರೇ ಒಮ್ಮೆ ಎರವಲಿಗೆ ಬಂದು, ನನ್ನ ಮಾತು ಕೇಳಿ ಆಕಳಿಸಿದ್ದಾರೆ.

ಹೋದ ಮಳೆಗಾಲದಲ್ಲಿ ಕೆಳಗಿನ ಮನೆಯವರು ರಾತ್ರಿ ಬಂದರು. ಮನೆಯಲ್ಲಿ ನೆಂಟರಿದ್ದಾರೆ, ಕರೆಂಟಿಲ್ಲ ಎಂದರು. ಜನರೇಟರಿಗೇ ಬಂದಿದ್ದರು, ಅನುಮಾನವಿಲ್ಲ. ಕೂರಿಸಿದೆ. ನಾನು ಪವರ್ ಫ್ಯಾಕ್ಟರಿನ ಹತ್ತಿರ ಬಂದಿದ್ದೆನಷ್ಟೆ, ಅವರು ಮೆಲ್ಲನೆ ಎದ್ದು ಅಡುಗೆಮನೆಯ ಕಡೆ ತಿರುಗಿ ನನ್ನ ಹೆಂಡತಿಯನ್ನು ಕೇಳಿದರು: "ಅತ್ತಿಗೆ, ಎರಡು ಮೊಂಬತ್ತಿ ಇದ್ರೆ ಕೊಡಿ. ಅದಕ್ಕೆ ಹೀಂಗೆಂತದೂ ಹೇಳದು ಇಲ್ಯಲ್ದಾ?"